ಐದು ಗಂಟೆಯ ಜಗಳ

ಎಲ್ಲರೂ ಅವನನ್ನು ವಕೀಲ ಎಂದು ಕರೆಯುತ್ತಿದ್ದರೇ ಹೊರತು ಅವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ದೊಡ್ಡದೊಂದು ಹೋಟೆಲಿನ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆಗೆ ಇಸ್ತ್ರಿ ಹಾಕಿಕೊಂಡಿದ್ದವನು. ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಿದಂತೆ ಅವನ ತುಟಿಗಳೂ ಓಡುತ್ತಿದ್ದವು. ಶಬ್ದ ಮಾತ್ರ ಇಲ್ಲ. ಹುಬ್ಬು ಏರುವುದು, ಗದ್ದ ಮುಂದಕ್ಕೆ ಬರುವುದು, ಎಡಗೈಯ ಒಂದು ಬೆರಳೆದ್ದು ಯಾರಿಗೋ ಏನನ್ನೋ ತೋರಿಸುವುದು, ಕೊನೆಗೆ ‘ಈಗೇನಂತೀಯ?’ ಎನ್ನುವ ಹಾಗೆ ತಲೆ ಒಮ್ಮೆ ಆಡುವುದು. ಇದನ್ನು ನೋಡಿದ ಯಾರೋ ಪುಣ್ಯಾತ್ಮ ವಕೀಲ ಎಂದು ಹೆಸರಿಟ್ಟ. ಇಟ್ಟವನು ಕೆಲಸ ಬಿಟ್ಟು ಹೋಗಿ ವರ್ಷಗಳಾದವು, ಹೆಸರು ಇಲ್ಲೇ ಉಳಿಯಿತು.

ಕೇಸು ನಿಜಕ್ಕೂ ನಡೆಯುತ್ತಿತ್ತು. ಎದುರು ಕಕ್ಷಿ ಅವನ ಒಡಹುಟ್ಟಿದ ಅಕ್ಕ.

ಒಂಬತ್ತು ವರ್ಷದ ಹಿಂದೆ, ಅವನ ವಾರದ ರಜೆಯ ದಿನ, ಬೆಳಿಗ್ಗೆ ಹತ್ತೂವರೆಗೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಎದೆಗೆ ಕಫ ಕಟ್ಟಿತು, ಎಂಟನೆಯ ದಿನ ಹೋಗಿಯೇಬಿಟ್ಟಳು. ಮೊದಲ ದಿನ ಆಸ್ಪತ್ರೆಯ ಕಾರಿಡಾರಿಗೆ ಓಡಿ ಬಂದ ಅಕ್ಕ, ಏದುಸಿರು ಬಿಡುತ್ತಲೇ ಒಂದು ಮಾತು ಅಂದಳು. “ಮನೇಲಿ ನೀನು ಇದ್ದೂ ಅಮ್ಮ ಬಿದ್ದಳಲ್ಲೋ.” ಅಂದವಳು ಅಂದು ಒಳಗೆ ಹೋದಳು, ಎಂಟು ದಿನ ಅಮ್ಮನ ಹಾಸಿಗೆ ಬಿಟ್ಟು ಏಳಲಿಲ್ಲ. ಅವನು ಔಷಧಿ ತರುವ ನೆಪ, ರಿಪೋರ್ಟು ತರುವ ನೆಪ ಮಾಡಿಕೊಂಡು ಹೊರಗಿನ ಬೆಂಚಿನಲ್ಲೇ ದಿನ ತಳ್ಳಿದ. ಅಕ್ಕನಿಗೆ ಒಂದು ಉತ್ತರವನ್ನೂ ಕೊಡಲಿಲ್ಲ.

ಅಂದು ಕೊಡದ ಉತ್ತರವನ್ನು ಅವನು ಅಂದಿನಿಂದ ಕೊಡುತ್ತಲೇ ಇದ್ದಾನೆ. ಹಲ್ಲುಜ್ಜುವಾಗ ಕೊಟ್ಟ, ಬಸ್ಸಿನಲ್ಲಿ ಜೋತುಬಿದ್ದು ನಿಂತಾಗ ಕೊಟ್ಟ, ಹೆಂಡತಿ ಏನೋ ಹೇಳುತ್ತಿರುವಾಗ ಹ್ಞೂಂ ಹ್ಞೂಂ ಎನ್ನುತ್ತಲೇ ಒಳಗೊಳಗೆ ಕೊಟ್ಟ. ಅಮ್ಮನಿಗೆ ಸ್ನಾನ ಮಾಡಿಸಿದ್ದು ಯಾರು? ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದು ಯಾರು? ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂದು ಮನೆ ಮಾಲೀಕನ ಬೆನ್ನು ಬಿದ್ದವನು ಯಾರು? ಭಾನುವಾರಕ್ಕೊಮ್ಮೆ ಬಂದು ಹಣ್ಣಿಟ್ಟು ಹೋಗುವವಳಿಗೆ ಮಾತೇನು? ಅವನ ತಲೆಯೊಳಗಿನ ಅಕ್ಕ, ಪಾಪ, ಶುದ್ಧ ದಡ್ಡಿ. ಒಂದಕ್ಕೂ ಉತ್ತರ ಕೊಡಲಾಗದೆ ತಲೆ ತಗ್ಗಿಸುತ್ತಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ತಲೆಯೆತ್ತಿ ಅದೇ ಮಾತು ಅನ್ನುತ್ತಿದ್ದಳು, ಇವನು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ.

ಹೊರಗಿನ ಅಕ್ಕನ ಜೊತೆ ಮಾತುಕತೆ ಚೆನ್ನಾಗಿಯೇ ಇತ್ತು ಅನ್ನಿ. ತಿಂಗಳಿಗೊಮ್ಮೆ ಫೋನು. ಊಟ ಆಯ್ತಾ, ಮಂಡಿನೋವು ಹೇಗಿದೆ, ಆಯ್ತು ಇಡ್ಲಾ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಗಾದೆ ಕಟ್ಟಿಟ್ಟರು. ಬಾಯಿ ಬಿಡದವನ ಜಗಳದ ಬಗ್ಗೆ ಅವರು ಏನೂ ಹೇಳಿಹೋಗಲಿಲ್ಲ.

“ಈ ಮನೇಲಿ ನಾವು ಮೂರು ಜನ ಇದ್ದೀವಿ ರೀ,” ಎಂದಿದ್ದಳು ಹೆಂಡತಿ ಒಮ್ಮೆ. ಅವಳು ಶಿಶುವಿಹಾರದಲ್ಲಿ ಆಯಾ. ದಿನವಿಡೀ ಮೂವತ್ತು ಮಕ್ಕಳ ಮೂಗೊರೆಸಿ ಬಂದವಳಿಗೆ ಸಿಟ್ಟು ಮಾಡುವಷ್ಟೂ ತ್ರಾಣ ಉಳಿದಿರುತ್ತಿರಲಿಲ್ಲ. “ಅಡುಗೆ ಮಾತ್ರ ಇಬ್ಬರಿಗೆ ಮಾಡ್ತೀನಿ.”

ಹೀಗೆಯೇ ಸಾಯುವವರೆಗೂ ನಡೆಯುತ್ತಿತ್ತೇನೋ. ಆದರೆ ಐವತ್ಮೂರನೆಯ ವಯಸ್ಸಿಗೆ ಅವನ ಕೈ ಮೋಸ ಮಾಡತೊಡಗಿತು. ಮೊದಲು ಒಂದು ದಿಂಬಿನ ಚೀಲ ಸುಟ್ಟಿತು, ಯಾರೂ ಕೇಳಲಿಲ್ಲ. ಆಮೇಲೆ ಊಟ ಬಡಿಸುವವರ ಕೋಟೊಂದರ ಬೆನ್ನು. ಮೂರನೆಯದು ಅತಿಥಿಯೊಬ್ಬರ ಲಿನನ್ ನಾರುಬಟ್ಟೆಯ ಪ್ಯಾಂಟು, ಬಲಮಂಡಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂತಿ ಸಮೇತ ಮೂಡಿತ್ತು. ಆ ಹೊತ್ತಿಗೆ ವಕೀಲ ಅಕ್ಕನಿಗೆ ಕಣ್ಣಿನ ಡಾಕ್ಟರ ವಿಷಯ ವಿವರಿಸುತ್ತಿದ್ದ.

ಸೂಪರ್‌ವೈಸರ್ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬೈಯುವ ಜಾತಿಯವಳಲ್ಲ, ಅದೇ ಅವನಿಗೆ ಕಷ್ಟವಾಗಿದ್ದು. ಪ್ಯಾಂಟನ್ನು ಮೇಜಿನ ಮೇಲೆ ಹರಡಿ, “ನಿಮ್ಮ ಕೈ ನೋಡಿ ನಾವು ಕೆಲಸ ಕಲಿತಿದ್ದು,” ಎಂದಳು. “ಇನ್ನೊಂದು ಸುಟ್ಟರೆ ಇಸ್ತ್ರಿ ನಿಮ್ಮ ಕೈಗೆ ಕೊಡೋಕಾಗಲ್ಲ. ಚಾದರ ಮಡಿಸೋ ಕಡೆ ಹಾಕ್ಬೇಕಾಗತ್ತೆ. ನನ್ನ ಮೇಲೂ ಕೇಳೋರಿದ್ದಾರೆ.”

ಚಾದರ ಮಡಿಸುವುದು ಕೀಳು ಕೆಲಸವೇನಲ್ಲ. ಆದರೆ ರೇಷ್ಮೆಗೆ ಎಷ್ಟು ಶಾಖ, ನಾರುಬಟ್ಟೆಗೆ ಎಷ್ಟು ಎಂದು ಅಂಗೈ ಹತ್ತಿರ ಹಿಡಿದೇ ಹೇಳುತ್ತಿದ್ದವನು ಅವನು. ಅವನ ಹತ್ತಿರ ಇದ್ದದ್ದು ಆ ಒಂದು ವಿದ್ಯೆ. ಅದೂ ಹೋದರೆ ಉಳಿಯುವುದು ತಲೆಯೊಳಗಿನ ಕೇಸು ಮಾತ್ರ.

ಆ ಮಧ್ಯಾಹ್ನ ಗುಂಡಿಯಮ್ಮ ಅವನ ಪಕ್ಕ ಟೀ ಲೋಟ ಇಟ್ಟು ಕೂತಳು. ಹರಿದದ್ದು ಹೊಲಿಯುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಹದಿನೈದು ವರ್ಷದಿಂದ ಅವನ ಎದುರಿನ ಕುರ್ಚಿ ಅವಳದು.

“ವಕೀಲರೇ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ತುಟಿ ಅಲ್ಲಾಡ್ತಾ ಇರೋವಾಗ ನಿಮ್ಮ ಕೈ ನಿಲ್ಲತ್ತೆ. ಮೂರು ಸಲಾನೂ ನಾನು ನೋಡಿದೆ.”

“ನೋಡಿದ್ರೆ ಕೂಗಬಾರದಿತ್ತಾ?”

“ಕೂಗಿದೆ. ನೀವು ಕೋರ್ಟಲ್ಲಿದ್ರಿ.” ಅವಳು ನಗಲಿಲ್ಲ. “ದೊಡ್ಡಾಸ್ಪತ್ರೆ ಮೂರನೇ ಮಹಡೀಲಿ ಒಬ್ಬಳು ಕೂತಿರ್ತಾಳೆ, ಮಂಗಳವಾರ, ಶುಕ್ರವಾರ. ಹೋಗಿ ಬನ್ನಿ.”

“ನಂಗೇನು ಹುಚ್ಚಾ?”

“ನಾನು ಹೋಗಿದ್ದೆ,” ಎಂದಳು ಗುಂಡಿಯಮ್ಮ. “ಯಜಮಾನ್ರು ತೀರಿಕೊಂಡ ವರ್ಷ. ದಿನಕ್ಕೆ ಅರವತ್ತು ಸಲ ಕೈ ತೊಳೀತಿದ್ದೆ. ಸೂಜಿ ಹಿಡಿಯೋಕೆ ಬೆರಳಲ್ಲಿ ಚರ್ಮ ಇರಲಿಲ್ಲ. ನಿಮ್ಮ ಎದುರಿಗೇ ಕೂತಿದ್ದೆ, ನಿಮಗೆ ಕಾಣಿಸ್ಲಿಲ್ಲ.”

ಅವನು ಅವಳ ಬೆರಳುಗಳನ್ನು ನೋಡಿದ. ನಿಜಕ್ಕೂ ಕಂಡಿರಲಿಲ್ಲ.

ಮೂರನೆಯ ಮಹಡಿಯ ಕೋಣೆ ಎಕ್ಸ್‌ರೇ ವಿಭಾಗದ ಪಕ್ಕದ್ದು. ಒಳಗೆ ಎರಡು ಕುರ್ಚಿ, ಒಂದು ಮೇಜು, ಮೇಜಿನ ಒಂದು ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು. ಆಪ್ತ ಸಮಾಲೋಚಕಿ ಎಂದು ಬೋರ್ಡಿನ ಮೇಲಿತ್ತು. ಒಳಗಿದ್ದವಳಿಗೆ ಮೂವತ್ತೂ ದಾಟಿರಲಿಲ್ಲ, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಈ ಹುಡುಗಿಗೆ ಏನು ಹೇಳುವುದು ಎಂದುಕೊಂಡೇ ಕೂತವನು ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದ. ಅಕ್ಕನ ಮಾತು, ತನ್ನ ಉತ್ತರಗಳು, ಹಣ್ಣು, ಹಿಡಿಕೆ, ಕಣ್ಣಿನ ಡಾಕ್ಟರು.

“ಈ ಜಗಳದಲ್ಲಿ ಗೆಲ್ಲೋದು ಯಾರು?” ಎಂದು ಕೇಳಿದಳು ಅವಳು.

“ನಾನೇ.”

“ಯಾವಾಗ್ಲೂ?”

“ಯಾವಾಗ್ಲೂ ನಾನೇ.”

“ಗೆದ್ದೋರು ಯಾರಾದ್ರೂ ಮತ್ತೆ ಅಪೀಲು ಹಾಕ್ತಾರಾ?”

ಒಂಬತ್ತು ವರ್ಷದಲ್ಲಿ ಇದೊಂದು ಪ್ರಶ್ನೆಗೆ ಅವನ ಹತ್ತಿರ ತಯಾರಿ ಇರಲಿಲ್ಲ.

ಜಗಳವನ್ನು ಬಿಡಿ ಎಂದು ಅವಳು ಹೇಳಲಿಲ್ಲ. ಬಿಡಿ ಎಂದಷ್ಟೂ ಅದು ಹೆಗಲೇರುತ್ತದೆಯಂತೆ. ಬದಲಿಗೆ ಅದಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ ಎಂದಳು. ದಿನಾ ಸಂಜೆ ಐದಕ್ಕೆ, ಹದಿನೈದು ನಿಮಿಷ, ಒಂದೇ ಜಾಗ. ಹಾಸಿಗೆಯಲ್ಲಿ ಕೂಡದು, ಊಟದ ಜಾಗದಲ್ಲಿ ಕೂಡದು. ಗಂಟೆ ಬಾರಿಸುವ ಗಡಿಯಾರ ಇಟ್ಟುಕೊಂಡು ಎಷ್ಟು ಬೇಕೋ ಅಷ್ಟು ಜಗಳ ಆಡಬೇಕು, ಗಂಟೆ ಬಾರಿಸುವ ಮೊದಲು ಏಳಬಾರದು. ಉಳಿದ ಹೊತ್ತಿನಲ್ಲಿ ಜಗಳ ಬಂದರೆ ಓಡಿಸುವುದೂ ಬೇಡ, ಒಳಗೆ ಕರೆಯುವುದೂ ಬೇಡ. ಐದಕ್ಕೆ ಬಾ ಎಂದು ಹೇಳಿ, ಕೈಯಲ್ಲೇನಿದೆ ಎಂದು ನೋಡಿಕೊಳ್ಳಬೇಕು.

“ಕೈಯಲ್ಲಿ ಬಿಸಿ ಇಸ್ತ್ರಿ ಇರತ್ತೆ ಮೇಡಂ.”

“ಹಾಗಾದ್ರೆ ಮೊದಲು ಅದನ್ನ ಎತ್ತಿ ನಿಲ್ಲಿಸಿ. ಆಮೇಲೆ ಹೇಳಿ.”

ಇಸ್ತ್ರಿಯವರ ಮೊದಲ ಪಾಠವೇ ಅದು. ಗಮನ ಬೇರೆಲ್ಲಿ ಹೋದರೂ ಪೆಟ್ಟಿಗೆಯನ್ನು ಎತ್ತಿ ಹಿಂಬದಿಯ ಮೇಲೆ ನಿಲ್ಲಿಸಬೇಕು. ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಅವನೇ ಅದನ್ನು ಹೇಳಿಕೊಟ್ಟಿದ್ದ. ನೆಗಡಿಯ ಹುಡುಗಿ ತನ್ನ ಪಾಠವನ್ನೇ ತನಗೆ ಒಪ್ಪಿಸಿದ್ದು ಅವನಿಗೆ ಸ್ವಲ್ಪ ಕಸಿವಿಸಿಯಾಯಿತು.

ಮರುದಿನ ಬೆಳಿಗ್ಗೆ ಒಂದೇ ಪಾಳಿಯಲ್ಲಿ ಅವನು ನಲವತ್ತೊಂದು ಸಲ ಪೆಟ್ಟಿಗೆ ಎತ್ತಿ ನಿಲ್ಲಿಸಿದ. ಗುಂಡಿಯಮ್ಮ ಎಣಿಸಿದಳು. ಕೆಲಸ ಅರ್ಧಕ್ಕರ್ಧ ಹಿಂದೆ ಬಿತ್ತು, ಭುಜ ಹಿಡಿದುಕೊಂಡಿತು. ಒಬ್ಬ ಮನುಷ್ಯ ಒಂದು ದಿನದಲ್ಲಿ ಇಷ್ಟು ಸಲ ಜಗಳಕ್ಕೆ ಹೋಗಿ ಬರುತ್ತಾನೆಂದು ಅವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಮೈ ಯಾಕೆ ಇಷ್ಟು ಸೋತಿರುತ್ತದೆ, ವಯಸ್ಸಾಯಿತೇ ಎಂದುಕೊಳ್ಳುತ್ತಿದ್ದವನಿಗೆ ಆ ಲೆಕ್ಕ ಕೇಳಿ ಅಲ್ಲೇ ಕೂತುಬಿಡೋಣ ಎನಿಸಿತು.

ಸಂಜೆಯದು ಇನ್ನೊಂದು ಫಜೀತಿ. ಹಿಂದಿನ ಬಾಲ್ಕನಿಯಲ್ಲಿ, ಪೊರಕೆ ಮತ್ತು ಬಕೆಟ್ಟುಗಳ ನಡುವೆ ಒಂದು ಸ್ಟೂಲು ಹಾಕಿಕೊಂಡು ಕೂತ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು.

“ಶುರು ಆಯ್ತಾ?”

“ನೀನು ನೋಡ್ತಿದ್ರೆ ಹೇಗೆ ಆಗತ್ತೆ?”

“ಒಂಬತ್ತು ವರ್ಷದಿಂದ ನೋಡ್ತಾನೇ ಇದ್ದೀನಲ್ಲ,” ಎಂದು ಅವಳು ಕಿಟಕಿ ಹಾಕಿಕೊಂಡಳು.

ಬೇಕೆಂದಾಗ ಜಗಳ ಬರಲಿಲ್ಲ. ಎದುರಿನ ಮನೆಯವರು ಒಣಗಿಸಿದ ಕಾಲುಚೀಲಗಳನ್ನು ನೋಡುತ್ತಾ ಹದಿನೈದು ನಿಮಿಷ ಕಳೆದ. ಗಂಟೆ ಬಾರಿಸಿ, ಎದ್ದು, ಟೀ ಕುಡಿಯಲು ಕೂತ ಕೂಡಲೇ ಅಕ್ಕ ಹಾಜರಾದಳು. ಎರಡನೆಯ ದಿನ ಮರೆತೇ ಹೋಯಿತು. ನಾಲ್ಕನೆಯ ದಿನ ಇದೆಲ್ಲ ಬೂಟಾಟಿಕೆ ಎನಿಸಿ ಸ್ಟೂಲನ್ನು ಒದ್ದ, ಕಾಲ್ಬೆರಳು ಊದಿಕೊಂಡಿತು. ಹೆಂಡತಿ ಮುಲಾಮು ತಂದಿಟ್ಟು, ಸ್ಟೂಲನ್ನು ಮತ್ತೆ ಅದರ ಜಾಗಕ್ಕೆ ಎಳೆದಳು. ಆಮೇಲಾಮೇಲೆ ಅವಳೇ ಜ್ಞಾಪಿಸತೊಡಗಿದಳು. “ಐದು ಗಂಟೆ ಆಯ್ತು, ಜಗಳಕ್ಕೆ ಹೋಗಿ.” ಪಕ್ಕದ ಮನೆಯಾಕೆ ಇದನ್ನು ಕೇಳಿಸಿಕೊಂಡು ಏನೆಂದುಕೊಂಡಳೋ, ದೇವರಿಗೇ ಗೊತ್ತು.

ಮೂರನೆಯ ವಾರಕ್ಕೆ ಪೆಟ್ಟಿಗೆ ನಿಲ್ಲಿಸುವುದು ದಿನಕ್ಕೆ ಹನ್ನೆರಡಕ್ಕೆ ಇಳಿಯಿತು. ಬಟ್ಟೆ ಒಂದೂ ಸುಡಲಿಲ್ಲ. ಸೂಪರ್‌ವೈಸರ್ ಮತ್ತೆ ರೇಷ್ಮೆಯನ್ನು ಅವನ ಮೇಜಿಗೆ ಕಳಿಸಿದಳು. ಗೆದ್ದೆ ಎಂದು ಅವನಿಗೆ ಅನಿಸಬೇಕಿತ್ತು, ಅನಿಸಲಿಲ್ಲ. ಯಾಕೆಂದರೆ ಬಾಲ್ಕನಿಯಲ್ಲಿ ಬೇರೇನೋ ಆಗುತ್ತಿತ್ತು.

ಜಗಳ ಬೇಗ ಮುಗಿಯತೊಡಗಿತ್ತು. ಸ್ನಾನ, ಕಣ್ಣಿನ ಡಾಕ್ಟರು, ಹಿಡಿಕೆ, ಹಣ್ಣು. ಎಲ್ಲ ಸೇರಿ ನಾಲ್ಕು ನಿಮಿಷ. ದಿನವಿಡೀ ಹರಡಿಕೊಂಡಿದ್ದಾಗ ಸಮುದ್ರದಷ್ಟು ಕಾಣುತ್ತಿದ್ದದ್ದು ಒಂದೇ ಕಡೆ ಸುರಿದರೆ ಬಕೆಟ್ಟು ತುಂಬುವಷ್ಟೂ ಇರಲಿಲ್ಲ. ಉಳಿದ ಹನ್ನೊಂದು ನಿಮಿಷ ಸುಮ್ಮನೆ ಕೂರಬೇಕು. ಏಳುವ ಹಾಗಿಲ್ಲ. ಆ ಹನ್ನೊಂದು ನಿಮಿಷಕ್ಕೆ ಅವನು ಹೆದರತೊಡಗಿದ.

ಒಂದು ಗುರುವಾರ ಅದು ಬಂತು. ಅಕ್ಕನ ದನಿಯಲ್ಲ, ಅಮ್ಮನ ದನಿ. “ಸ್ವಲ್ಪ ಬಾರೋ ಇಲ್ಲಿ.”

ಅಮ್ಮ ಬಿದ್ದ ದಿನ ಅವನು ಮನೆಯ ಮೇಜಿನ ಮೇಲೆ ತನ್ನದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ, ಮರುದಿನ ಕೆಲಸಕ್ಕೆ ಹಾಕಿಕೊಂಡು ಹೋಗಲು. ಕಾಲರ್ ಆಗಿತ್ತು, ಬೆನ್ನಾಗಿತ್ತು, ಒಂದು ತೋಳಾಗಿತ್ತು. ಅಮ್ಮ ಕರೆದದ್ದು ಅವನಿಗೆ ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು. “ಬಂದೆ,” ಎಂದಿದ್ದ. ಇನ್ನೊಂದು ತೋಳು ಮುಗಿಸಿಬಿಡೋಣ ಎಂದು ಪೆಟ್ಟಿಗೆಯನ್ನು ಎತ್ತದೆ ಮುಂದಕ್ಕೆ ತಳ್ಳಿದ್ದ. ಆಗ ಬಚ್ಚಲಿನಲ್ಲಿ ಸದ್ದಾಯಿತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ‘ನನಗೆ ಗೊತ್ತೇ ಆಗಲಿಲ್ಲ’ ಎಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಕ್ಕನ ಒಂದು ಮಾತಿಗೆ ಅವನು ಒಂಬತ್ತು ವರ್ಷ ಹೆಗಲು ಒರೆಸಿಕೊಂಡಿದ್ದ. ಅಕ್ಕನ ಬಾಯಿ ಮುಚ್ಚಿಸಲು ಅಷ್ಟೊಂದು ವಾದ ಬೇಕಾಗಿರಲಿಲ್ಲ. ಅವನು ಮುಚ್ಚಿಸುತ್ತಿದ್ದದ್ದು ತನ್ನ ಬಾಯನ್ನೇ.

ಗಂಟೆ ಬಾರಿಸಿದರೂ ಅವನು ಏಳದ್ದು ನೋಡಿ ಹೆಂಡತಿ ಬಂದಳು. ಅವಳಿಗೆ ಹೇಳಿದ. ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಬಹಳ ಹೊತ್ತು ಅವನ ಬೆನ್ನು ಸವರಿದಳು. ಕೊನೆಗೆ, “ನಂಗೆ ಹೇಳಿದ್ದು ಒಳ್ಳೇದಾಯ್ತು,” ಎಂದಳು. “ಆದ್ರೆ ಇದು ನಂಗೆ ಬಂದ ಕಾಗದ ಅಲ್ಲ, ನಿಮ್ಮ ಅಕ್ಕನಿಗೆ ಹೋಗ್ಬೇಕಾದ್ದು.”

ಶುಕ್ರವಾರ ಮೂರನೆಯ ಮಹಡಿಗೆ ಹೋದ. ಅಕ್ಕನಿಗೆ ಹೇಳಿದರೆ ಹಗುರಾಗುತ್ತದೆಯೇ ಎಂದು ಕೇಳಿದ. ಹುಡುಗಿಯ ನೆಗಡಿ ಇನ್ನೂ ಹೋಗಿರಲಿಲ್ಲ.

“ಗ್ಯಾರಂಟಿ ಕೊಡೋಕಾಗಲ್ಲ,” ಎಂದಳು. “ಅವರು ಕ್ಷಮಿಸದೇನೂ ಇರಬಹುದು. ಅದಕ್ಕೂ ತಯಾರಿದ್ರೆ ಹೋಗಿ.”

ತಯಾರೇನೂ ಇರಲಿಲ್ಲ. ಆದರೆ ನಾಳೆ, ನಾಡಿದ್ದು, ದಿನಾ ಐದಕ್ಕೆ ಅದೇ ಸ್ಟೂಲಿನ ಮೇಲೆ ಅದೇ ಸದ್ದು ಕೇಳುತ್ತಾ ಕೂರಲು ಅವನಲ್ಲಿ ಕಸುವಿರಲಿಲ್ಲ. ಭಾನುವಾರ ಎರಡು ಬಸ್ಸು ಬದಲಿಸಿ ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಅಕ್ಕ ಏನೇನು ಬೈಯಬಹುದು ಎಂದು ಊಹಿಸಿದ. ಉತ್ತರ ಒಂದನ್ನೂ ಹೊಂದಿಸಿಕೊಳ್ಳಲಿಲ್ಲ, ಹೊಂದಿಸುವುದಕ್ಕೂ ದಣಿವಾಗಿತ್ತು.

ಅಕ್ಕ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಬಾಗಿಲು ತೆಗೆದಾಗ ಕೈಯಲ್ಲಿ ಪರದೆಯ ಕೊಕ್ಕೆಗಳಿದ್ದವು. “ಫೋನೂ ಮಾಡದೆ ಬಂದ್ಬಿಟ್ಯಲ್ಲೋ,” ಎಂದು ಸೋಫಾ ಮೇಲಿನ ಪರದೆ ಸರಿಸಿ ಜಾಗ ಮಾಡಿದಳು. ಅವನು ಕೂರಲಿಲ್ಲ. ಕೂತರೆ ಊಟ ಆಯ್ತಾ, ಮಂಡಿ ಹೇಗಿದೆ ಶುರುವಾಗುತ್ತದೆ.

“ಅಕ್ಕ, ಅವತ್ತು ಅಮ್ಮ ಕರೆದಿದ್ದು ನಂಗೆ ಕೇಳಿಸಿತ್ತು. ಬಂದೆ ಅಂದೆ. ಹೋಗಲಿಲ್ಲ.”

ಅಕ್ಕ ಕೊಕ್ಕೆಗಳನ್ನು ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಗೊತ್ತು,” ಎಂದಳು.

“ಏನು ಗೊತ್ತು?”

“ಅಮ್ಮ ಹೇಳಿದ್ಲು. ಮೂರನೇ ದಿನ. ‘ಅವನು ಬಂದೆ ಅಂದ, ನಂಗೇ ಕಾಯೋಕಾಗ್ಲಿಲ್ಲ, ಹೆಜ್ಜೆ ಕಿತ್ತಿಟ್ಟೆ. ಅವನು ಮನಸ್ಸಿಗೆ ಹಚ್ಕೊಳ್ತಾನೆ, ಅವನಿಗೆ ಹೇಳು’ ಅಂದ್ಲು.”

ಬೀದಿಯಲ್ಲಿ ಯಾರೋ ಸ್ಕೂಟರು ಚಾಲೂ ಮಾಡಲು ಒದೆಯುತ್ತಿದ್ದರು. ಅದು ಹತ್ತಿಕೊಂಡು ದೂರ ಹೋಯಿತು.

“ನೀನು ಹೇಳಲಿಲ್ಲ,” ಎಂದ ಅವನು.

“ಹೇಳಲಿಲ್ಲ.”

“ಒಂಬತ್ತು ವರ್ಷ.”

“ಮೊದಲು ಕೋಪ ಇತ್ತು ಕಣೋ. ನೀನು ಒಳಗೇ ಬರಲಿಲ್ಲ, ಅಮ್ಮ ಬಾಗಿಲ ಕಡೆ ನೋಡ್ತಾನೇ ಇದ್ಲು. ಹೇಳಬಾರದು, ನರಳಲಿ ಅಂತಾನೇ ಇದ್ದೆ. ಕೋಪ ಒಂದು ವರ್ಷಕ್ಕೆ ಹೋಯ್ತು. ಆಮೇಲೆ ನಾಚಿಕೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ್ರೆ ಏನು ಹೇಳಲಿ? ಫೋನು ಎತ್ಕೊಂಡಾಗಲೆಲ್ಲ ಇವತ್ತು ಹೇಳ್ಬಿಡೋಣ ಅಂದ್ಕೊಳ್ತಿದ್ದೆ. ಬಾಯಿಗೆ ಬರ್ತಿದ್ದಿದ್ದು ಊಟ ಆಯ್ತಾ ಅಷ್ಟೇ.”

ವಕೀಲನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಸಾಣೆ ಹಿಡಿದಿಟ್ಟ ಮಾತುಗಳಲ್ಲಿ ಒಂದಾದರೂ ಈಗ ಕೆಲಸಕ್ಕೆ ಬರಬಾರದೇ? ಒಂದೂ ಬರಲಿಲ್ಲ. ಅವೆಲ್ಲ ಬೇರೆ ಯಾವುದೋ ಅಕ್ಕನಿಗೆ ಹೇಳಬೇಕಾಗಿದ್ದ ಮಾತುಗಳು. ಅವನು ತೊದಲಿದ, ಕೂಗಿದ, ಒಂದೇ ಮಾತನ್ನು ನಾಲ್ಕು ಸಲ ಕೂಗಿದ. “ನೀನೆಂಥ ಅಕ್ಕ? ನೀನೆಂಥ ಅಕ್ಕ ನಂಗೆ?” ದನಿ ಒಡೆಯಿತು. ಮೇಲಿನ ಮನೆಯವರು ಇಣುಕಿ ನೋಡಿದರು. ಅಕ್ಕ ಅಡ್ಡ ಮಾತಾಡಲಿಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ. ಸೋಫಾದ ಅಂಚಿನಲ್ಲಿ, ನೋಯುವ ಮಂಡಿಯ ಮೇಲೆ ಎರಡೂ ಕೈಯೂರಿ ಕೂತಿದ್ದಳು.

“ಬೈಯೋ,” ಎಂದಳು. “ಇನ್ನೂ ಬೈಯಿ. ಕೇಳ್ತೀನಿ.”

ಬೈಯಲು ಅವನಲ್ಲಿ ಇನ್ನು ಉಸಿರಿರಲಿಲ್ಲ. ಪರದೆಯನ್ನು ಪಕ್ಕಕ್ಕೆ ಒತ್ತರಿಸಿ ಅವಳ ಪಕ್ಕ ಕುಸಿದು ಕೂತ. ಕೋಪ ಹೋಗಿರಲಿಲ್ಲ, ಅದು ಬೇಗ ಹೋಗುವಂಥದ್ದೂ ಅಲ್ಲ ಎಂದು ಅವನಿಗೆ ಗೊತ್ತಿತ್ತು. ನಾಳೆ ಐದಕ್ಕೆ ಹೊಸ ಜಗಳವೊಂದು ಬರುತ್ತದೆ, ಬರಲಿ. ಆದರೆ ಆ ಎಂಟು ದಿನ ಹೊರಗಿನ ಬೆಂಚಿನಲ್ಲಿ ಕೂತವನಿಗೆ ಒಳಗೆ ಏನಾಯಿತೆಂದು ಗೊತ್ತೇ ಇರಲಿಲ್ಲ. ಕೇಳುವ ಮುಖವೂ ಇರಲಿಲ್ಲ.

“ಅಮ್ಮ ಇನ್ನೇನಂದ್ಲು?” ಎಂದು ಕೇಳಿದ.

ಅಕ್ಕ ಹೇಳಿದಳು. ನಿಧಾನವಾಗಿ, ದಿನದಿನದ್ದೂ ನೆನಪು ಮಾಡಿಕೊಂಡು ಹೇಳಿದಳು. ನೀರು ಕೇಳಿದ್ದು, ಪಕ್ಕದ ಹಾಸಿಗೆಯವಳ ಗೊರಕೆಗೆ ಬೈದದ್ದು, ತನ್ನ ಚಪ್ಪಲಿ ಎಲ್ಲಿ ಎಂದು ಹುಡುಕಿಸಿದ್ದು. ಏಳನೆಯ ದಿನ ಅಮ್ಮ ಆಡಿದ್ದು ಒಂದೇ ಮಾತಂತೆ, ಆಮೇಲೆ ಮಾತು ನಿಂತಿತಂತೆ.

“‘ನಾಳೆ ಕೆಲಸಕ್ಕೆ ಹಾಕ್ಕೊಂಡು ಹೋಗೋಕೆ ಅವನಿಗೆ ಅಂಗಿ ಇದ್ಯಾ ಕೇಳು’ ಅಂದ್ಲು. ಅದನ್ನೂ ನಾನು ಕೇಳಲಿಲ್ಲ.”

ಅವನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಅಕ್ಕ ಕಾದಳು.

“ಇತ್ತಕ್ಕ,” ಎಂದ. “ಒಂದು ತೋಳು ಮಾತ್ರ ಬಾಕಿ ಇತ್ತು.”